ಬೀಗಲ್‌ಬೋನ್‌ನಲ್ಲಿ ಐದನೇ ಸೀರಿಯಲ್ ಪೋರ್ಟ್: ಬೂಟ್ ಸಾಲೋ, ಹೊಸ ಕರ್ನೆಲ್ಲೋ, ಯುಎಸ್‌ಬಿಯೋ?

ಬೀಗಲ್‌ಬೋನ್ ಬ್ಲ್ಯಾಕ್ ಅನ್ನುವ ಪುಟ್ಟ ಲಿನಕ್ಸ್ ಬೋರ್ಡಿನ ಚಿಪ್ಪಿನಲ್ಲಿ 6 ಯುಆರ್ಟ್, ಅಂದರೆ ಸೀರಿಯಲ್ ಪೋರ್ಟ್, ಇವೆ. ಇವನ್ನು ನಡೆಸುವ ಲಿನಕ್ಸ್‌ನ 8250 ಡ್ರೈವರ್ ಮಾತ್ರ, ಕರ್ನೆಲ್ (ಲಿನಕ್ಸ್‌ನ ತಿರುಳು) ಕಟ್ಟಿದವರು ಬದಲಿಸದೇ ಇದ್ದರೆ, 4ಕ್ಕೇ ನಿಲ್ಲುತ್ತದೆ. ಡಿವೈಸ್ ಟ್ರೀ (ಬೋರ್ಡಿನಲ್ಲಿ ಏನೇನು ಹಾರ್ಡ್‌ವೇರ್ ಇದೆ ಎಂದು ಕರ್ನೆಲ್‌ಗೆ ಹೇಳುವ ಫೈಲು), ಪಿನ್ ಎಲ್ಲ ಸರಿ ಇದ್ದರೂ ಐದನೆಯದು ಬರಲ್ಲ.

ಮೊದಲು ಬೂಟ್ ಸಾಲಿಗೆ (ಬೂಟ್ ಆಗುವಾಗ ಕರ್ನೆಲ್‌ಗೆ ಕೊಡುವ ಸೂಚನೆಗಳ ಸಾಲು) '8250.nr_uarts=6' ಸೇರಿಸಿ ನೋಡಿ. ಒಂದು ಸಾಲು, ಒಂದು ರೀಬೂಟ್, ಅಷ್ಟೇ. ಆದರೆ ಕರ್ನೆಲ್ ಕಟ್ಟುವಾಗ ಇಟ್ಟ ಗರಿಷ್ಠ ಮಿತಿಯೇ 4 ಆಗಿದ್ದರೆ ನೀವು ಇಲ್ಲಿ 6 ಅಂದರೂ ಡ್ರೈವರ್ ಸದ್ದಿಲ್ಲದೆ 4ಕ್ಕೆ ಇಳಿಸಿಬಿಡುತ್ತದೆ, ಹಾಗಾಗಿ ಕಾನ್ಫಿಗ್ ಫೈಲಿನಲ್ಲಿ ಆ ಸಂಖ್ಯೆ ಮೊದಲೇ ನೋಡಿಕೊಳ್ಳಿ.

ಮಿತಿ ಕಮ್ಮಿ ಇದ್ದರೆ ಕರ್ನೆಲ್ಲನ್ನೇ ಮತ್ತೆ ಕಟ್ಟಬೇಕು. ಬೋರ್ಡಿನಲ್ಲೇ ಕಟ್ಟಲು ಹೋಗಬೇಡಿ, ಲ್ಯಾಪ್‌ಟಾಪಿನಲ್ಲಿ ಕ್ರಾಸ್ ಕಂಪೈಲ್ ಮಾಡಿ, ಅಂದರೆ ಬೋರ್ಡಿನ ಚಿಪ್ಪಿಗೆ ಬೇಕಾದ ಕರ್ನೆಲ್ಲನ್ನು ಅಲ್ಲೇ ಕಟ್ಟಿ. ಕಿರಿಕಿರಿ ಏನೆಂದರೆ ಪ್ಯಾಕೇಜ್ ಅಪ್‌ಡೇಟ್ ನಿಮ್ಮ ಕರ್ನೆಲ್ಲನ್ನು ಪಕ್ಕಕ್ಕೆ ತಳ್ಳಬಹುದು.

ಯುಎಸ್‌ಬಿಯಿಂದ ಸೀರಿಯಲ್ ಪೋರ್ಟ್ ಕೊಡುವ ಅಡಾಪ್ಟರ್‌ಗೆ ಈ ಮಿತಿಯೇ ತಾಗಲ್ಲ. ಜಿಪಿಎಸ್‌ಗೆ, ಕನ್ಸೋಲ್‌ಗೆ ಧಾರಾಳ ಸಾಕು. ಆದರೆ ಇಂಥ ಅಡಾಪ್ಟರ್‌ಗಳಲ್ಲಿ ಬರುವ ಎಫ್‌ಟಿಡಿಐ ಕಂಪನಿಯ ಚಿಪ್‌ಗಳು ಸಾಮಾನ್ಯವಾಗಿ 16 ಮಿಲಿಸೆಕೆಂಡ್ ತನಕ ಡೇಟಾ ಹಿಡಿದಿಟ್ಟುಕೊಳ್ಳುತ್ತವೆ. ಮಾಡ್‌ಬಸ್‌ನಲ್ಲಿ (ಕಾರ್ಖಾನೆ ಉಪಕರಣಗಳು ಪ್ರಶ್ನೆ-ಉತ್ತರದಲ್ಲಿ ಮಾತಾಡುವ ವಿಧಾನ) ಬೇಗ ಬೇಗ ಪ್ರಶ್ನೆ ಕೇಳುವವರಿಗೆ ಇದು ಜಾಸ್ತಿಯೇ ಅಲ್ವಾ?

ನಾನಾದರೆ ಒಂದೇ ಪೋರ್ಟ್ ಕಮ್ಮಿ ಬಿದ್ದರೆ ಅಡಾಪ್ಟರ್ ಹಾಕುತ್ತೇನೆ. ಹತ್ತಾರು ಬೋರ್ಡ್ ಫೀಲ್ಡಿಗೆ ಕಳಿಸುವುದಿದ್ದರೆ ಕರ್ನೆಲ್ಲೇ ಕಟ್ಟುತ್ತೇನೆ. ಅಂದಹಾಗೆ ಯುಆರ್ಟ್ 5 (ಎಣಿಕೆ 0ಯಿಂದ ಶುರು, ಹಾಗಾಗಿ ಇದು ಆರನೆಯದು) ಬೇಕಿದ್ದರೆ ಎಚ್‌ಡಿಎಂಐ ಬಿಡಬೇಕು, ಪಿನ್ ಎರಡಕ್ಕೂ ಅವೇ.