ಮೊದಲ ವರ್ಷ ಎಲ್ಲಿ ಓದಿದರೂ ಒಂದೇ ಎಂದವರನ್ನು ನಂಬಿ ಕೆಟ್ಟೆವು

ನಾನು 31 ವರ್ಷಗಳಿಂದ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿರುವವನು. ಅದರಲ್ಲಿ ಒಂಬತ್ತು ವರ್ಷ ಶಿಕ್ಷಣ ಸಾಲದ ಅರ್ಜಿಗಳನ್ನೇ ನೋಡಿದ್ದೇನೆ. ಸಹಿ ಹಾಕುವ ಮೊದಲು ಪೂರ್ತಿ ಓದಿ ಎಂದು ಎಷ್ಟು ತಂದೆತಾಯಂದಿರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಅಂಥ ನಾನೇ ಸ್ವಂತ ಮಗಳ ವಿಷಯದಲ್ಲಿ ಬೆಂಗಳೂರಿನ ಒಂದು ವಿದೇಶಿ ಶಿಕ್ಷಣ ಕನ್ಸಲ್ಟೆನ್ಸಿಯವರ ಬಾಯಿಮಾತನ್ನು ನಂಬಿ, ಅವಳ ಒಂದು ವರ್ಷವನ್ನೂ ಸುಮಾರು 26 ಲಕ್ಷ ರೂಪಾಯಿಯನ್ನೂ ಕಳೆದೆ ಎಂದು ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತಿದ್ದೇನೆ. ಪಿಯುಸಿ ಫಲಿತಾಂಶ ಬಂದ ಮರುವಾರವೇ ಆ ಕಚೇರಿಯ ಸೋಫಾದ ಮೇಲೆ ನನ್ನಂಥ ಇನ್ನೊಬ್ಬರು ಬಂದು ಕುಳಿತಿರುತ್ತಾರೆ.

ಮಗಳಿಗೆ ಕಂಪ್ಯೂಟರ್ ಸೈನ್ಸ್ ಓದುವ ಆಸೆ, ಅದೂ ಅಮೆರಿಕದ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ (ಯು.ಸಿ.) ಯಾವುದಾದರೊಂದು ಕ್ಯಾಂಪಸ್‌ನಲ್ಲಿ. ಆದರೆ ಅಲ್ಲಿನ ಅರ್ಜಿಯ ಗಡುವು ನವೆಂಬರ್ ಕೊನೆಯ ಹೊತ್ತಿಗೇ ಮುಗಿಯುತ್ತದೆ, ಆಗ ನಾವು ಸಿಇಟಿ, ಜೆಇಇ ಎಂದು ಓಡಾಡುತ್ತಿದ್ದೆವು. ಏಪ್ರಿಲ್‌ನಲ್ಲಿ ಕನ್ಸಲ್ಟೆನ್ಸಿಗೆ ಹೋದಾಗ ಅಲ್ಲಿದ್ದ ಕೌನ್ಸೆಲರ್ ನಗುತ್ತಲೇ, "ಚಿಂತೆ ಬೇಡ ಸರ್, ಫಸ್ಟ್ ಇಯರ್ ಎಲ್ಲಿ ಓದಿದರೂ ಒಂದೇ. ಒಂದು ವರ್ಷ ಬೇರೆ ಕಡೆ ಮುಗಿಸಲಿ, ಸೆಕೆಂಡ್ ಇಯರ್‌ಗೆ ಯು.ಸಿ.ಗೆ ಟ್ರಾನ್ಸ್‌ಫರ್ ಮಾಡಿಸೋಣ" ಎಂದರು. ಅಮೆರಿಕದ ಮಧ್ಯಭಾಗದ ಮಿಡ್‌ವೆಸ್ಟ್‌ನ ಸಣ್ಣ ಖಾಸಗಿ ಕಾಲೇಜೊಂದರಿಂದ ಹತ್ತೇ ದಿನದಲ್ಲಿ ಪ್ರವೇಶಪತ್ರ ಬಂತು, ಜೊತೆಗೆ ವರ್ಷಕ್ಕೆ 14 ಸಾವಿರ ಡಾಲರ್ ಸ್ಕಾಲರ್‌ಶಿಪ್. ಮನೆಯಲ್ಲಿ ಹೋಳಿಗೆ ಮಾಡಿದೆವು.

ನಾನೇಕೆ ನಂಬಿದೆ ಎಂಬುದನ್ನೂ ಹೇಳಬೇಕು. ನಮ್ಮ ಕಡೆ ಎಂಜಿನಿಯರಿಂಗ್ ಮೊದಲ ವರ್ಷವೆಂದರೆ ಫಿಸಿಕ್ಸ್ ಸೈಕಲ್, ಕೆಮಿಸ್ಟ್ರಿ ಸೈಕಲ್. ವಿಟಿಯು ಅಡಿಯಲ್ಲಿರುವ, ಸ್ವಾಯತ್ತವಲ್ಲದ ಕಾಲೇಜುಗಳಾದರೆ ಪಠ್ಯ ಒಂದೇ, ಪ್ರಶ್ನೆಪತ್ರಿಕೆ ಒಂದೇ, ಮೂರನೇ ಸೆಮಿಸ್ಟರ್‌ಗೆ ಸೀಟು ಖಾಲಿ ಇದ್ದರೆ ಕಾಲೇಜು ಬದಲಿಸಿಕೊಳ್ಳುವುದೂ ಉಂಟು. ಅಮೆರಿಕದಲ್ಲಿಯೂ ಹಾಗೆಯೇ ಇರಬಹುದೆಂದು ನಾನೇ ಊಹಿಸಿಕೊಂಡೆ. ಅಲ್ಲಿ ಪ್ರತಿಯೊಂದು ಕಾಲೇಜಿನ ಕೋರ್ಸೂ ಬೇರೆ, ಸೇರಬೇಕಾದ ವಿಶ್ವವಿದ್ಯಾಲಯ ಒಂದೊಂದನ್ನೂ ತೂಗಿ ನೋಡಿಯೇ ಒಪ್ಪಬೇಕು ಎಂಬುದು ನನಗೆ ತಿಳಿದಿರಲಿಲ್ಲ, ತಿಳಿದಿದ್ದವರು ಹೇಳಲಿಲ್ಲ. ಸ್ನೇಹಿತರೊಬ್ಬರು ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳ, ಅಂದರೆ ಪದವಿಯ ಮೊದಲ ಎರಡು ವರ್ಷದ ಪಾಠ ನಡೆಸುವ ಸರ್ಕಾರಿ ಕಾಲೇಜುಗಳ ಬಗ್ಗೆ ವಿಚಾರಿಸಿ ಎಂದಿದ್ದರು. ಕೇಳಿದಾಗ, "ಅದು ನಮ್ಮ ಡಿಪ್ಲೊಮಾ ಥರ ಸರ್, ವೀಸಾ ಇಂಟರ್‌ವ್ಯೂನಲ್ಲಿ ಕಷ್ಟ ಆಗುತ್ತೆ" ಎಂಬ ಉತ್ತರ ಬಂತು. ಅಲ್ಲಿಗೆ ಆ ಮಾತು ಬಿಟ್ಟೆವು.

ನವೆಂಬರ್‌ನ ಆ ರಾತ್ರಿ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ನಮಗೆ ರಾತ್ರಿ ಹತ್ತೂವರೆ, ಅವಳಿಗೆ ಬೆಳಗಿನ ಹನ್ನೊಂದು. ವಿಡಿಯೊ ಕರೆಯಲ್ಲೇ ಇಬ್ಬರೂ ಯು.ಸಿ. ಅರ್ಜಿ ತುಂಬಲು ಕುಳಿತಿದ್ದೆವು. ಓದುತ್ತಾ ಹೋದವಳು ಸುಮ್ಮನಾದಳು. ಆಮೇಲೆ, "ಅಪ್ಪ, ಇವರು ತಗೊಳ್ಳೋದೇ ಥರ್ಡ್ ಇಯರ್‌ಗೆ. ಫಾಲ್‌ಗೆ, ಅಂದ್ರೆ ಆಗಸ್ಟ್-ಸೆಪ್ಟೆಂಬರ್‌ಗೆ, ಸೇರಬೇಕಾದ್ರೆ ಅದರ ಹಿಂದಿನ ಸ್ಪ್ರಿಂಗ್ ಮುಗಿಯೋದ್ರೊಳಗೆ 60 ಸೆಮಿಸ್ಟರ್ ಯೂನಿಟ್ ಇರಬೇಕಂತೆ. ನನಗೆ 31 ಆಗತ್ತೆ" ಎಂದಳು. ಇನ್ನೊಮ್ಮೆ ಓದು ಎಂದೆ. ಓದಿದಳು. ಮತ್ತೊಮ್ಮೆ ಓದು ಎಂದೆ. ಮೂರನೇ ಸಲ ಓದುವಾಗ ಅವಳ ಧ್ವನಿ ನಡುಗುತ್ತಿತ್ತು, ನಾನು ಕೈಯಲ್ಲಿದ್ದ ಪೆನ್ನಿನಿಂದ ಅವಳ ಎರಡು ಸೆಮಿಸ್ಟರಿನ ಯೂನಿಟ್‌ಗಳನ್ನು (ನಮ್ಮಲ್ಲಿ ಕ್ರೆಡಿಟ್ ಎನ್ನುವುದು ಇದನ್ನೇ), ಹದಿನೈದು ಮತ್ತು ಹದಿನಾರನ್ನು, ಕೂಡಿಸುತ್ತಲೇ ಇದ್ದೆ, ಎಷ್ಟು ಸಲ ಕೂಡಿಸಿದರೂ 31. ಬ್ಯಾಂಕಿನವನಿಗೆ ಕೂಡುವ ಲೆಕ್ಕ! ಒಂದು ವರ್ಷದಲ್ಲಿ 60 ಯೂನಿಟ್ ಆಗುವುದೇ ಇಲ್ಲ ಎಂಬುದು ಏಪ್ರಿಲ್‌ನಲ್ಲೇ ಗೊತ್ತಾಗಬೇಕಿದ್ದ ಸಂಗತಿ. ಅದು ಅವರ ಜಾಲತಾಣದಲ್ಲಿ ಯಾರು ಬೇಕಾದರೂ ಓದಬಹುದಾದ ನಿಯಮ.

ಇಷ್ಟಕ್ಕೇ ಮುಗಿಯಲಿಲ್ಲ. ಅದೇ ಕಾಲೇಜಿನಲ್ಲಿ ಇನ್ನೊಂದು ವರ್ಷ ಇರೋಣವೆಂದರೆ, ಅವಳು ಓದುತ್ತಿದ್ದ ಕೋರ್ಸುಗಳೇ ಹೊಂದುವುದಿಲ್ಲ. ಎರಡನೇ ಪಿಯುಸಿ ಗಣಿತದಲ್ಲಿ 97 ತೆಗೆದ ಹುಡುಗಿಗೆ "ಸರ್ವೆ ಆಫ್ ಕ್ಯಾಲ್ಕುಲಸ್" ಕೊಟ್ಟಿದ್ದರು, ಅದು ವಾಣಿಜ್ಯ ವಿದ್ಯಾರ್ಥಿಗಳ ಕ್ಯಾಲ್ಕುಲಸ್. ಯೂನಿಟ್ ಲೆಕ್ಕಕ್ಕೆ ಅದು ಬಂದರೂ ಕಂಪ್ಯೂಟರ್ ಸೈನ್ಸ್‌ಗೆ ಬೇಕಾದ ಕ್ಯಾಲ್ಕುಲಸ್‌ನ ಜಾಗ ತುಂಬುವುದಿಲ್ಲ. ಕ್ರೆಡಿಟ್ ಒಪ್ಪುತ್ತಾರೆ ಎಂಬ ಮಾತಿಗೆ ಎರಡು ಅರ್ಥವಿದೆ ಎಂಬುದನ್ನು ನಾನು ಕಲಿತದ್ದು ಇಲ್ಲಿಯೇ: ಒಪ್ಪಿ ಮೂಲೆಯಲ್ಲಿಡುವುದು ಒಂದು, ಪದವಿಗೆ ಲೆಕ್ಕ ಹಿಡಿಯುವುದು ಇನ್ನೊಂದು. ಭೌತಶಾಸ್ತ್ರವೂ ಕ್ಯಾಲ್ಕುಲಸ್ ಇಲ್ಲದ್ದು. ಬೈಬಲ್ ಅಧ್ಯಯನಕ್ಕೆ ಮೂರು ಕ್ರೆಡಿಟ್, ಅದು ಆ ಕಾಲೇಜಿನಲ್ಲಿ ಎಲ್ಲರಿಗೂ ಕಡ್ಡಾಯ. ಅದನ್ನು ನಾನು ತಪ್ಪೆನ್ನುವುದಿಲ್ಲ, ಅವರ ಕಾಲೇಜು ಅವರ ನಿಯಮ, ನಾವೇ ಕೇಳಿಕೊಂಡು ಹೋಗಬೇಕಿತ್ತು.

ಮರುದಿನವೇ ಕನ್ಸಲ್ಟೆನ್ಸಿಗೆ ಕರೆ ಮಾಡಿದೆ. ನಗುತ್ತಿದ್ದ ಕೌನ್ಸೆಲರ್ ಕೆಲಸ ಬಿಟ್ಟಿದ್ದರಂತೆ. ಮ್ಯಾನೇಜರ್ ಮೊದಲು, "ಪಾಲಿಸಿ ಈಚೆಗೆ ಚೇಂಜ್ ಆಗಿರಬಹುದು ಸರ್" ಎಂದರು. ಇಲ್ಲ, ಇದು ಬಹಳ ಕಾಲದ ನಿಯಮ ಎಂದೆ. "ಹಾಗಾದರೆ ಬೇರೆ ಒಳ್ಳೆ ಯೂನಿವರ್ಸಿಟಿ ನೋಡೋಣ, ಟ್ರಾನ್ಸ್‌ಫರ್ ಪ್ಯಾಕೇಜ್ 60 ಸಾವಿರ ಆಗುತ್ತೆ" ಎಂದರು. ಇನ್ನೊಮ್ಮೆ ಓದಿಕೊಳ್ಳಿ: ತಪ್ಪು ದಾರಿ ತೋರಿಸಿದ್ದಕ್ಕೆ ಮತ್ತೆ 60 ಸಾವಿರ. ನಾನು ದನಿ ಏರಿಸಿದಾಗ ವಾಟ್ಸ್‌ಆ್ಯಪ್‌ನಲ್ಲಿ ಬಂದ ಉತ್ತರವನ್ನು ಹಾಗೆಯೇ ಕೊಡುತ್ತೇನೆ: "ಸರ್, ಟ್ರಾನ್ಸ್‌ಫರ್ ಆಗಬಹುದು ಅಂತ ಹೇಳಿದ್ವಿ, ಆಗುತ್ತೆ ಅಂತ ಹೇಳಿರಲಿಲ್ಲ." ಇದಕ್ಕೆ ಏನು ಹೇಳಲಿ? ಬರವಣಿಗೆಯಲ್ಲಿ ಪಡೆಯದಿದ್ದವನು ನಾನೇ ತಾನೆ.

ಅವರು ಕಮ್ಯುನಿಟಿ ಕಾಲೇಜನ್ನು ಅಷ್ಟು ಹಗುರವಾಗಿ ತಳ್ಳಿಹಾಕಿದ್ದು ಏಕೆಂದು ಆಮೇಲೆ ಅರ್ಥವಾಯಿತು. ಅಮೆರಿಕದ ಕಾನೂನು ಆ ದೇಶದ ವಿದ್ಯಾರ್ಥಿಗಳನ್ನು ಕಾಲೇಜಿಗೆ ಸೇರಿಸಿದ್ದಕ್ಕೆ ತಲೆಗಿಷ್ಟು ಎಂದು ಕಮಿಷನ್ ಕೊಡುವುದನ್ನು ತಡೆಯುತ್ತದೆ, ಆದರೆ ಫೆಡರಲ್ (ಕೇಂದ್ರ ಸರ್ಕಾರದ) ನೆರವು ಸಿಗದ ವಿದೇಶಿ ವಿದ್ಯಾರ್ಥಿಗಳನ್ನು ಹೊರದೇಶದಿಂದ ಕರೆತಂದರೆ ಕೊಡಬಹುದು. ಕಮಿಷನ್ ಎಲ್ಲಿಂದ ಬರುತ್ತದೋ ಫೈಲು ಅಲ್ಲಿಗೆ ಹೋಗುತ್ತದೆ. ನಿಜವೆಂದರೆ, ಯು.ಸಿ. ಟ್ರಾನ್ಸ್‌ಫರ್‌ನಲ್ಲಿ ಮೊದಲ ಆದ್ಯತೆ ಇರುವುದೇ ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿನವರಿಗೆ. ಅಲ್ಲಿನ ಯಾವ ಕೋರ್ಸು ಯಾವ ಕ್ಯಾಂಪಸ್ಸಿನ ಯಾವ ಕೋರ್ಸಿಗೆ ಸಮ ಎಂಬುದು ಅಸಿಸ್ಟ್ ಎಂಬ ಜಾಲತಾಣದಲ್ಲಿ ಪಟ್ಟಿಯಾಗಿಯೇ ಇದೆ, ದುಡ್ಡು ಕೊಡಬೇಕಿಲ್ಲ. ಡೇವಿಸ್, ಅರ್ವೈನ್ ಮೊದಲಾದ ಆರು ಕ್ಯಾಂಪಸ್‌ಗಳು ಆ ವಿದ್ಯಾರ್ಥಿಗಳಿಗೆ ಷರತ್ತಿನ ಮೇಲೆ ಪ್ರವೇಶದ ಖಾತರಿಯನ್ನೂ ಕೊಡುತ್ತವೆ, ಬರ್ಕ್ಲಿ, ಲಾಸ್ ಏಂಜಲಿಸ್, ಸ್ಯಾನ್ ಡಿಯಾಗೊ ಕೊಡುವುದಿಲ್ಲ. ಕಂಪ್ಯೂಟರ್ ಸೈನ್ಸ್‌ನಂಥ ವಿಷಯಕ್ಕೆ ಆ ಖಾತರಿ ಎಲ್ಲ ಕಡೆ ಸಿಗದು.

ಆದ್ದರಿಂದ ಕೇಳಬೇಕಾದ ಪ್ರಶ್ನೆ ಮೊದಲ ವರ್ಷ ಎಲ್ಲಿ ಎಂಬುದಲ್ಲ, ಕೊನೆಗೆ ಪದವಿ ಎಲ್ಲಿಂದ ಎಂಬುದು. ಆ ವಿಶ್ವವಿದ್ಯಾಲಯ ಎಷ್ಟು ಕ್ರೆಡಿಟ್ಟಿಗೆ, ಯಾವ ವರ್ಷಕ್ಕೆ ಸೇರಿಸಿಕೊಳ್ಳುತ್ತದೆ ಎಂದು ಅವರ ಪ್ರವೇಶ ಕಚೇರಿಗೇ ಮಿಂಚಂಚೆ ಬರೆದು ಉತ್ತರ ತರಿಸಿಕೊಳ್ಳಿ. ಪ್ರತಿ ಕೋರ್ಸಿನ ಸಿಲಬಸ್ ಇಟ್ಟುಕೊಳ್ಳಿ. "ಎಲ್ಲ ಆಗುತ್ತೆ ಸರ್" ಎನ್ನುವವರು ಅದನ್ನೇ ಕಾಗದದ ಮೇಲೆ ಬರೆದು ಕೊಡುತ್ತಾರೆಯೇ ಎಂದು ಕೇಳಿ ನೋಡಿ, ಮುಖ ನೋಡಿದರೆ ಸಾಕು.

ಮಗಳು ಈಗ ಕ್ಯಾಲಿಫೋರ್ನಿಯಾದ ಒಂದು ಕಮ್ಯುನಿಟಿ ಕಾಲೇಜಿನಲ್ಲಿದ್ದಾಳೆ. ಅಮೆರಿಕ ಸರ್ಕಾರ ವಿದೇಶಿ ವಿದ್ಯಾರ್ಥಿಗಳ ಮೇಲೆ ಇಡುವ ಸೆವಿಸ್ ದಾಖಲೆ ಹೊಸ ಕಾಲೇಜಿಗೆ ವರ್ಗವಾದ್ದರಿಂದ ಅದರ ಶುಲ್ಕ 350 ಡಾಲರ್ ಮತ್ತೆ ಕಟ್ಟಬೇಕಾಗಲಿಲ್ಲ, ಉಳಿದದ್ದು ಅಷ್ಟೇ. ಕ್ಯಾಲ್ಕುಲಸ್ಸನ್ನು ಮೊದಲಿನಿಂದ ಓದುತ್ತಿದ್ದಾಳೆ. ನಾಲ್ಕು ವರ್ಷದ ಪದವಿ ಐದಾಗುತ್ತದೆ, ನನ್ನ ನಿವೃತ್ತಿಗೆ ಮೂರೇ ವರ್ಷವಿದೆ. ಅವಳು ಹೊರಡುವ ಮುನ್ನ ದೊಡ್ಡ ರಟ್ಟಿನ ಬೋರ್ಡಿಂಗ್ ಪಾಸ್ ಹಿಡಿಸಿ ತೆಗೆದ ಫೋಟೊ ಕನ್ಸಲ್ಟೆನ್ಸಿಯ ಗೋಡೆಯ ಮೇಲಿತ್ತು. ತೆಗೆಯಿರಿ ಎಂದು ಮೂರು ಸಲ ಬರೆದೆ. "ಮಾರ್ಕೆಟಿಂಗ್ ಟೀಮ್‌ಗೆ ತಿಳಿಸುತ್ತೇವೆ ಸರ್" ಎಂದರು. ಕಳೆದ ವಾರ ಆ ರಸ್ತೆಯಲ್ಲಿ ಹೋದಾಗ ಗಾಜಿನಾಚೆಯಿಂದ ನೋಡಿದೆ, ಫೋಟೊ ಅಲ್ಲೇ ಇದೆ.