ಬೋರ್ ನೀರಿನ ಮನೆಗೆ 200 ಲೀಟರಿನ ಟ್ಯೂಬ್ ಸೋಲಾರ್ ಹೇಗೆ?

ಬೆಂಗಳೂರಿನಲ್ಲಿ ಬೋರ್ ನೀರನ್ನೇ ನಂಬಿರುವ ನಾಲ್ಕೈದು ಜನರ ಮನೆಗೆ ಗಾಜಿನ ಟ್ಯೂಬಿನ 200 ಲೀಟರ್ ಸೋಲಾರ್ ಹೀಟರ್ ಧೈರ್ಯವಾಗಿ ಕೊಳ್ಳಬಹುದು. ವರ್ಷವಿಡೀ ಕಾವೇರಿ ನೀರು ಬರುವ ಮನೆಯಾದರೆ ತಾಮ್ರದ ಪ್ಲೇಟಿನದ್ದೇ ಮೇಲು. ಬೆಲೆ ಜಾಸ್ತಿ, ಬಾಳಿಕೆಯೂ ಜಾಸ್ತಿ. ಹಾಗಾಗಿ ಅಂಗಡಿಗೆ ಹೋಗುವ ಮೊದಲು ಸಂಪಿನ ನೀರು ಎಷ್ಟು ಗಡಸು ಎಂದು ಪರೀಕ್ಷೆ ಮಾಡಿಸಿ.

ಪ್ಲೇಟ್ ಮಾದರಿಯಲ್ಲಿ ನೀರು ಹರಿಯುವುದು ಅರ್ಧ ಇಂಚಿನ ತಾಮ್ರದ ಕೊಳವೆಗಳಲ್ಲಿ. ಗಡಸು ನೀರು ಕಾದಂತೆಲ್ಲ ಅದರ ಸುಣ್ಣ ಒಳಮೈಗೆ ಕಟ್ಟುತ್ತದೆ. ಪಂಪಿಲ್ಲದೆ ತಾನಾಗಿ ಮೇಲೇರಬೇಕಾದ ಬಿಸಿನೀರು ಆಮೇಲೆ ಏರುವುದೇ ಇಲ್ಲ. ಮಧ್ಯಾಹ್ನ ಪ್ಲೇಟು ಕೆಂಡದಂತೆ ಕಾದಿದ್ದರೂ ನಲ್ಲಿಯಲ್ಲಿ ಬರುವುದು ಉಗುರುಬೆಚ್ಚಗಿನ ನೀರು. ಆಸಿಡ್ ಹಾಯಿಸಿ ತೊಳೆಯಬಹುದು, ಆದರೆ ಪೂರ್ತಿ ಮುಚ್ಚಿಹೋದ ಕೊಳವೆಯೊಳಗೆ ಆಸಿಡ್ ಕೂಡ ಹೋಗುವುದಿಲ್ಲ. ಟ್ಯೂಬಿನ ಒಳಬಾಯಿ 4 ಸೆಂ.ಮೀ.ಗಿಂತ ಅಗಲ. ಕಳಚಿದ ಸುಣ್ಣ ತಳಕ್ಕೆ ಇಳಿದು ಕೂರುತ್ತದೆ, ಟ್ಯೂಬ್ ಬಿಚ್ಚಿ ತೊಳೆದರಾಯಿತು. ಒಂದು ಒಡೆದರೆ ಅದೊಂದನ್ನೇ ಬದಲಿಸಬಹುದು. ಮಂಗಗಳು ತಾರಸಿಗೆ ಬರುವ ಊರಲ್ಲಿ, ತೆಂಗಿನಮರದ ಕೆಳಗೆ ಮಾತ್ರ ಇದು ಬೇಡ.

200 ಲೀಟರಿಗೆ 58 ಮಿ.ಮೀ. ದಪ್ಪ, 1800 ಮಿ.ಮೀ. ಉದ್ದದ 20 ಟ್ಯೂಬ್ ಕೇಳಿ ಪಡೆಯಿರಿ. ಒಂದೊಂದರಲ್ಲೂ ಎರಡೂಮುಕ್ಕಾಲು ಲೀಟರಿನಷ್ಟು ನೀರು ನಿಲ್ಲುತ್ತದೆ. ಅಂದರೆ ಟ್ಯೂಬುಗಳಲ್ಲೇ 50 ಲೀಟರಿನ ಮೇಲೆ. ಅದು ನಲ್ಲಿಗೆ ಬರುವ ನೀರಲ್ಲ. ಆದ್ದರಿಂದ 200 ಎನ್ನುವುದು ಬರೀ ಟ್ಯಾಂಕಿನ ಅಳತೆಯೇ ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಕೂರಿಸುವಾಗ ಟ್ಯೂಬುಗಳ ಮುಖ ದಕ್ಷಿಣಕ್ಕಿರಲಿ, ಬೆಳಿಗ್ಗೆ 9ರಿಂದ ಸಂಜೆ 4ರವರೆಗೆ ನೆರಳು ಬೀಳಬಾರದು. ತಣ್ಣೀರಿನ ಟ್ಯಾಂಕಿನ ತಳ ಸೋಲಾರ್ ಟ್ಯಾಂಕಿನ ತಲೆಗಿಂತ ಮೇಲಿರಬೇಕು, ಟ್ಯಾಂಕಿನ ಗಾಳಿ, ಹಬೆ ಹೊರಹೋಗುವ ಏರ್ ವೆಂಟ್ ಪೈಪು ತಣ್ಣೀರಿನ ಮಟ್ಟಕ್ಕಿಂತಲೂ ಎತ್ತರಕ್ಕೆ ಹೋಗಬೇಕು. ವೆಂಟಿನ ಬಾಯಿಗೆ ಎಂದೂ ಮುಚ್ಚಳ ಹಾಕಬೇಡಿ. ಮನೆಗೆ ಪ್ರೆಷರ್ ಪಂಪ್ ಇದ್ದರೆ ಅದರ ಲೈನನ್ನು ಈ ಟ್ಯಾಂಕಿಗೆ ಕೊಡಲೇಬಾರದು. ಟ್ಯೂಬು ನಿಂತಿರುವುದು ಬರೀ ಸಿಲಿಕಾನ್ ರಿಂಗಿನ ಹಿಡಿತದಲ್ಲಿ, ಒತ್ತಡಕ್ಕೆ ಅಲ್ಲೇ ಸೋರುತ್ತದೆ. ಬಚ್ಚಲವರೆಗೆ ಮುಕ್ಕಾಲು ಇಂಚಿನ ಸಿಪಿವಿಸಿ ಪೈಪು 20 ಮೀಟರ್ ಓಡಿದರೆ ದಿನಾ ಬೆಳಿಗ್ಗೆ 5 ಲೀಟರಿನಷ್ಟು ತಣ್ಣೀರು ಹರಿದ ಮೇಲೇ ಬಿಸಿನೀರು. ಹಾಗಾಗಿ ಹತ್ತಿರದ ದಾರಿ ಹುಡುಕಿ, ಪೈಪಿಗೆ ಫೋಮ್ ಹೊದಿಕೆ ಸುತ್ತಿಸಿ.

“ಸೋಲಾರ್ ಕೆಟ್ಟಿದೆ, ನೀರು ಕಾಯ್ತಾ ಇಲ್ಲ” ಎನ್ನುವ ಎಷ್ಟೋ ಮನೆಗಳಲ್ಲಿ ಟ್ಯೂಬೂ ಟ್ಯಾಂಕೂ ಸರಿಯಾಗೇ ಇರುತ್ತವೆ. ತಪ್ಪು ಇರುವುದು ಮಿಕ್ಸರಿನಲ್ಲಿ, ಅಂದರೆ ಬಿಸಿನೀರು ತಣ್ಣೀರು ಬೆರೆಸುವ ಬಚ್ಚಲಿನ ನಲ್ಲಿಯಲ್ಲಿ. ಬಿಸಿ, ತಣ್ಣಗೆ ಎರಡೂ ತಿರುಗಣೆ ತೆರೆದಿಟ್ಟು ಹ್ಯಾಂಡ್ ಶವರಿನ ತುದಿಯಲ್ಲಷ್ಟೇ ನೀರು ನಿಲ್ಲಿಸಿದರೆ, ಒತ್ತಡ ಹೆಚ್ಚಿರುವ ತಣ್ಣೀರು ಒಳಗಿನಿಂದಲೇ ಬಿಸಿನೀರಿನ ಪೈಪಿಗೆ ನುಗ್ಗುತ್ತದೆ. ಪತ್ತೆ ಮಾಡುವುದು ಸುಲಭ. ಸೋಲಾರಿಗೆ ತಣ್ಣೀರು ಹೋಗುವ ವಾಲ್ವ್ ಮುಚ್ಚಿ, ಒಂದು ಬಿಸಿನೀರಿನ ನಲ್ಲಿಯನ್ನಷ್ಟೇ ತೆರೆಯಿರಿ. ಸ್ವಲ್ಪ ಹೊತ್ತಿಗೆ ನೀರು ನಿಲ್ಲಬೇಕು. ನಿಲ್ಲದೆ ತಣ್ಣಗೆ ಬರುತ್ತಲೇ ಇದ್ದರೆ ಯಾವುದೋ ಮಿಕ್ಸರ್ ಸೋರುತ್ತಿದೆ. ವಾಷರ್ ಬದಲಿಸಿ, ಬಿಸಿನೀರಿನ ಲೈನಿಗೆ ನೀರನ್ನು ಒಂದೇ ದಿಕ್ಕಿಗೆ ಬಿಡುವ ನಾನ್ ರಿಟರ್ನ್ ವಾಲ್ವ್ ಹಾಕಿಸಿ.

ಟ್ಯೂಬ್ ಕೆಟ್ಟಿದೆಯೇ ಎಂದು ತಿಳಿಯಲು ಅದರ ಕೆಳತುದಿ ನೋಡಿ. ಒಳ್ಳೆಯ ಟ್ಯೂಬಿನ ತುದಿಯಲ್ಲಿ ಕನ್ನಡಿಯಂಥ ಬೆಳ್ಳಿ ಬಣ್ಣದ ಲೇಪ ಇರುತ್ತದೆ, ಅದು ಬೇರಿಯಂ. ಟ್ಯೂಬಿನ ಎರಡು ಗಾಜಿನ ಪದರಗಳ ನಡುವಿನ ನಿರ್ವಾತ (ಗಾಳಿ ತೆಗೆದ ಜಾಗ) ಹೋದ ಕೂಡಲೇ ಆ ಲೇಪ ಹಾಲಿನಂತೆ ಬೆಳ್ಳಗಾಗುತ್ತದೆ. ಅಂಥ ಟ್ಯೂಬಿನ ಹೊರಮೈ ಬಿಸಿಲಲ್ಲಿ ಮುಟ್ಟಿದರೆ ಬಿಸಿ; ಒಳ್ಳೆಯದರ ಹೊರಮೈ ಅಷ್ಟು ಬಿಸಿಯಾಗುವುದಿಲ್ಲ. ಬದಲಿಸುವ ಮೊದಲು ಟ್ಯಾಂಕ್ ಖಾಲಿ ಮಾಡಿ. ಹೊಸ ಟ್ಯೂಬಿನ ಬಾಯಿಗೆ ಸೋಪಿನ ನೀರು ಸವರಿ ತಿರುಗಿಸುತ್ತಾ ಮೇಲಕ್ಕೆ ತಳ್ಳಿ. ಎಣ್ಣೆ, ಗ್ರೀಸ್ ಬೇಡ, ರಿಂಗ್ ಹಾಳಾಗುತ್ತದೆ. ನೀರು ತುಂಬಿಸುವುದನ್ನು ಮಾತ್ರ ಸೂರ್ಯ ಹುಟ್ಟುವ ಮುಂಚೆಯೇ ಮಾಡಿ. ಬಿಸಿಲಿಗೆ ಕಾದ ಖಾಲಿ ಟ್ಯೂಬಿಗೆ ತಣ್ಣೀರು ಬಿದ್ದರೆ ಪಟ್ಟನೆ ಸೀಳುತ್ತದೆ.

ಬೋರ್ ನೀರಾದರೆ ವರ್ಷಕ್ಕೊಮ್ಮೆ ಟ್ಯಾಂಕಿನ ಡ್ರೈನ್ ತೆರೆದು ಕೆಸರು ಹೊರಹಾಕಿ, ಟ್ಯೂಬುಗಳನ್ನು ತೊಳೆಸಿ. ಲೀಟರಿಗೆ 50 ಗ್ರಾಂ ಸಿಟ್ರಿಕ್ ಆಸಿಡ್ ಕರಗಿಸಿ ಟ್ಯೂಬಿಗೆ ತುಂಬಿಸಿ, ಕೆಲವು ಗಂಟೆ ನೆರಳಲ್ಲಿ ಬಿಟ್ಟು, ಮೆತ್ತನೆಯ ಬ್ರಷ್ಷಿನಿಂದ ಉಜ್ಜಿದರೆ ಸುಣ್ಣ ಬಿಡುತ್ತದೆ. ಕಬ್ಬಿಣದ ಕಂಬಿ ಹಾಕಿ ಕೆರೆಯಲು ಬಿಡಬೇಡಿ, ಗೀರು ಬಿದ್ದ ಗಾಜು ಮುಂದೆ ಒಡೆಯುತ್ತದೆ. ಅದೇ ದಿನ ಟ್ಯಾಂಕಿನ ಬದಲು ತಾನೇ ಸವೆಯುವ ಮೆಗ್ನೀಷಿಯಂ ಆನೋಡ್ ಕಂಬಿಯನ್ನೂ ಹೊರತೆಗೆದು ನೋಡಿ. ಅರ್ಧ ಸವೆದಿದ್ದರೆ ಹೊಸದು ಹಾಕಿಸಿ. ಕಂಬಿ ಸವೆದು ಮುಗಿದ ಮೇಲೆ ನೀರಿನ ಉಪ್ಪು ಟ್ಯಾಂಕಿನ ಬೆಸುಗೆಯನ್ನೇ ತಿನ್ನುತ್ತದೆ, ಆಗ ರಿಪೇರಿಗೆ ದಾರಿಯಿಲ್ಲ.

ಮೋಡದ ದಿನಗಳಿಗೆಂದು ಟ್ಯಾಂಕಿನಲ್ಲಿ 2 ಕಿಲೋವ್ಯಾಟ್ ಕರೆಂಟ್ ಕಾಯಿಲ್ ಇರುತ್ತದೆ. 200 ಲೀಟರ್ ನೀರನ್ನು 25 ಡಿಗ್ರಿಯಿಂದ 45ಕ್ಕೆ ಏರಿಸಲು ಅದಕ್ಕೆ ಎರಡೂಕಾಲು ಗಂಟೆಗೂ ಮೀರಿ ಬೇಕು, ಸುಮಾರು 4.7 ಯೂನಿಟ್ ಖರ್ಚು. ರಾತ್ರಿಯೆಲ್ಲ ಹಾಕಿಡಬೇಡಿ, ಸ್ನಾನಕ್ಕೆ ಎರಡೂವರೆ ಗಂಟೆ ಮುಂಚೆ ಹಾಕಿದರೆ ಸಾಕು, ಥರ್ಮೋಸ್ಟಾಟ್ 50 ಡಿಗ್ರಿ ದಾಟದಿರಲಿ. ಬೇಸಿಗೆಯಲ್ಲಿ ಹತ್ತು ದಿನ ಊರಿಗೆ ಹೊರಟರೆ ಟ್ಯೂಬುಗಳ ಮೇಲೆ ಟಾರ್ಪಾಲ್ ಹೊದಿಸಿ, ತಣ್ಣೀರಿನ ವಾಲ್ವ್ ತೆರೆದೇ ಇಡಿ.