ಬೆಟ್ಟದ ಸರೋವರದಲ್ಲಿ ಮಕ್ಕಳಿಗೆ ಯಾವುದು ಒಳ್ಳೆಯದು: ದೋಣಿಯೋ, ದಡವೋ?

ಅರ್ಧ ದಿನ ಮಾತ್ರ ಕೈಯಲ್ಲಿದೆ, ಜೊತೆಗೆ 5 ವರ್ಷದೊಳಗಿನ ಮಗುವಿದೆ ಅಂದರೆ ನನ್ನ ಓಟು ದಡಕ್ಕೆ.

ಪೆಡಲ್ ಬೋಟಿನಲ್ಲಿ ಖುಷಿ ಜಾಸ್ತಿ, ನಿಜ. ಆದರೆ ಚಿಕ್ಕವರ ಕಾಲು ಪೆಡಲಿಗೆ ಎಟುಕುವುದಿಲ್ಲ, ಸುಮ್ನೆ ಕೂತು ಬೇಜಾರಾಗುತ್ತದೆ. 8-10 ವರ್ಷದವರಿಗೆ ಅದೇ ಹಬ್ಬ. ಬೆಳಿಗ್ಗೆಯೇ ಹೋಗಿ, ಮಧ್ಯಾಹ್ನದ ಮೇಲೆ ಬೆಟ್ಟದಲ್ಲಿ ಗಾಳಿ ಏಳುವುದು ಹೆಚ್ಚು. ಲೈಫ್ ಜಾಕೆಟ್ ಹಾಕಿಸಿದ ಮೇಲೆ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆದು ನೋಡಿ. ಜಾಕೆಟ್ ಕಿವಿಯವರೆಗೆ ಜಾರಿದರೆ ಅಳತೆ ದೊಡ್ಡದು, ಬೇರೆ ಕೇಳಿ. ಅಲ್ಲಿನ ನೀರು ಬೇಸಿಗೆಯಲ್ಲೂ ಕೊರೆಯುವಷ್ಟು ತಣ್ಣಗಿರುತ್ತದೆ. ಹಾಗಾಗಿ ಜಾಕೆಟ್ ವಿಷಯದಲ್ಲಿ ರಾಜಿ ಬೇಡವೇ ಬೇಡ.

ದಡದಲ್ಲಿ ಟಿಕೆಟ್ಟಿಲ್ಲ, ಸಾಲಿಲ್ಲ. ಚಪ್ಪಟೆ ಕಲ್ಲು ಎಸೆದು ಅದು ನೀರಿನ ಮೇಲೆ ಕುಪ್ಪಳಿಸುವಂತೆ ಮಾಡಬಹುದು. ಆಳವಿಲ್ಲದ ಕಡೆ ಒಂದು ಕಲ್ಲು ಮೆಲ್ಲಗೆ ಎತ್ತಿದರೆ, ಮರಳಿನ ಕಾಳು ಅಂಟಿಸಿ ಗೂಡು ಕಟ್ಟಿಕೊಂಡ ಪುಟ್ಟ ಹುಳ ಸಿಗಬಹುದು. ಮಕ್ಕಳು ಅಲ್ಲಿಂದ ಏಳುವುದೇ ಇಲ್ಲ! ನೋಡಿದ ಮೇಲೆ ಕಲ್ಲನ್ನು ಇದ್ದ ಹಾಗೇ ಇಡಿಸಿ, ಅದು ಹುಳದ ಮನೆ ಅಲ್ವಾ. ದೊಡ್ಡವರೊಬ್ಬರು ಕೈಯಳತೆಯಲ್ಲೇ ಇರಬೇಕು.

ಟೋಪಿ ಎರಡಕ್ಕೂ ಬೇಕು. ಪ್ರತಿ 1000 ಮೀಟರ್ ಎತ್ತರಕ್ಕೆ ಬಿಸಿಲಿನಲ್ಲಿ ಚರ್ಮ ಸುಡುವ ನೇರಳಾತೀತ ಕಿರಣ ಸುಮಾರು ಶೇ. 10ರಷ್ಟು ಹೆಚ್ಚುತ್ತದೆ, ಚಳಿಯಲ್ಲಿ ಅದು ಗೊತ್ತೇ ಆಗುವುದಿಲ್ಲ.

ದೊಡ್ಡ ಮಗು, ಚಿಕ್ಕ ಮಗು ಎರಡೂ ಇದ್ದರೆ ಅಪ್ಪ-ಅಮ್ಮ ಒಬ್ಬೊಬ್ಬರು ಒಂದೊಂದು ಕಡೆ ಹೋಗಿ.